ಮೂರು ಗುಂಡುಗಳು, ಹಲವು ಬೊಕ್ಕಸಗಳು: ಸಿದ್ದಾಪುರ ಪರಿಸರದ ಅಧ್ಯಯನದಲ್ಲಿ ಸಹಯೋಗ ಮತ್ತು ಧನಸಹಾಯದ ಚರಿತ್ರೆ

ಸಾರಾಂಶ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳು 1892ರಿಂದ ಅಂತರರಾಷ್ಟ್ರೀಯ ವಿದ್ವತ್ತಿನ ವಸ್ತುವಾಗಿವೆ. ಈ ಅಧ್ಯಯನಕ್ಕೆ ಹಣ ಒದಗಿದ ಬಗೆಯನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ. ಧನಸಹಾಯದ ಮೂಲವು ಸಂಶೋಧನೆಯ ಫಲಿತಾಂಶವನ್ನು ನಿರ್ಧರಿಸಲಿಲ್ಲ, ಅಧ್ಯಯನದ ಘಟಕವನ್ನು ನಿರ್ಧರಿಸಿತು ಎಂಬುದು ನಮ್ಮ ವಾದ. ಇದರಿಂದಾಗಿ ಬಂಡೆಯ ಮೇಲಿನ ಪ್ರಾಕೃತಕ್ಕೆ ದೊರೆತ ಗಮನ ಬಂಡೆಯ ಸುತ್ತಲಿನ ಕನ್ನಡ–ತೆಲುಗು ದ್ವಿಭಾಷಿಕ ನುಡಿಗೆ ದೊರೆಯಲಿಲ್ಲ.

ಕೀಲಿಪದಗಳು: ಅಶೋಕನ ಶಾಸನಗಳು, ಸಂಶೋಧನೆಯ ಧನಸಹಾಯ, ಭಾಷಾ ಸಂಪರ್ಕ, ಗಡಿನುಡಿ, ಮೊಳಕಾಲ್ಮೂರು

1. ಪ್ರಸ್ತಾವನೆ

ಯುರೋಪಿನ ರಾಷ್ಟ್ರಗಳು ತಮ್ಮೆಲ್ಲರಿಗೂ ಸಮಾನವಾದ ಸವಾಲುಗಳನ್ನು ಕುರಿತ ಸಮಾಜವಿಜ್ಞಾನ ಮತ್ತು ಮಾನವಿಕಗಳ ಸಂಶೋಧನೆಗೆ ಒಟ್ಟಾಗಿ ಹಣ ಒದಗಿಸುವ ಪದ್ಧತಿಯು ಕಳೆದ ಎರಡು ದಶಕಗಳಲ್ಲಿ ನೆಲೆಗೊಂಡಿದೆ. ಮಾನವಿಕಗಳಿಗಾಗಿ ಹೆರಾ, ಸಮಾಜವಿಜ್ಞಾನಗಳಿಗಾಗಿ ನಾರ್‌ಫೇಸ್ ಎಂಬ ಜಾಲಗಳು ರೂಪುಗೊಂಡವು. ಇವುಗಳ ಸಹಕಾರದಿಂದ 2021ರಲ್ಲಿ ಡಿಜಿಟಲ್ ಯುಗದ ಸಾಮಾಜಿಕ ಮತ್ತು ಸಾಂಸ್ಕೃತಿಕ ಪರಿವರ್ತನೆಗಳನ್ನು ಕುರಿತ ಚಾನ್ಸ್ ಕಾರ್ಯಕ್ರಮವು ಆರಂಭವಾಯಿತು. ಇಲ್ಲಿ ಹಲವು ದೇಶಗಳ ಸಂಶೋಧನ ಮಂಡಲಿಗಳು ಒಂದು ವಿಷಯವನ್ನು ಒಪ್ಪಿಕೊಂಡು ಒಂದೇ ಕರೆಯನ್ನು ಹೊರಡಿಸುತ್ತವೆ. ಅರ್ಜಿ ಸಲ್ಲಿಸುವ ತಂಡದಲ್ಲಿ ಬೇರೆ ಬೇರೆ ದೇಶಗಳ ವಿದ್ವಾಂಸರಿರಬೇಕು. ಹಣ ಹರಿಯುವ ಬಗೆ ಮುಖ್ಯವಾಗಿ ಎರಡು: ಎಲ್ಲರ ಹಣವನ್ನೂ ಒಂದೇ ಗಂಟಿನಲ್ಲಿ ಕೂಡಿಸಿ ಯೋಗ್ಯತೆಯನ್ನು ನೋಡಿ ಹಂಚುವುದು ಒಂದು, ಪ್ರತಿಯೊಂದು ದೇಶವೂ ತನ್ನ ವಿದ್ವಾಂಸರ ವೆಚ್ಚವನ್ನು ತಾನೇ ಭರಿಸುವುದು ಇನ್ನೊಂದು. ಯುರೋಪು ಮತ್ತು ಭಾರತಗಳ ನಡುವೆಯೂ ಇಂಥ ಸಹಕಾರಕ್ಕೆ ಇಕ್ವಿಪ್ ಎಂಬ ವೇದಿಕೆಯು ರೂಪುಗೊಂಡು, ಭಾರತೀಯ ಸಮಾಜವಿಜ್ಞಾನ ಸಂಶೋಧನ ಮಂಡಲಿಯು ಅದರಲ್ಲಿ ಪಾಲುಗೊಂಡಿತು.

ಈ ಏರ್ಪಾಟುಗಳ ಹೆಸರುಗಳು ಹೊಸವು. ಆದರೆ ಅವು ಎದುರಿಸುವ ಪ್ರಶ್ನೆಗಳು ಹಳೆಯವು. ಸಮಾನ ಸವಾಲು ಯಾವುದೆಂದು ಯಾರು ಹೇಳಬೇಕು? ಅಧ್ಯಯನದ ಎಲ್ಲೆ ಎಲ್ಲಿಗೆ ಮುಗಿಯುತ್ತದೆ? ಯಾರ ದುಡಿಮೆಗೆ ಸಂಬಳ, ಯಾರ ದುಡಿಮೆಗೆ ಹೆಸರು? ಈ ಮೂರು ಪ್ರಶ್ನೆಗಳನ್ನು ಚಿತ್ರದುರ್ಗ ಜಿಲ್ಲೆಯ ಒಂದು ಮೂಲೆಯಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಸಿದ್ದಾಪುರವನ್ನು ಆರಿಸಿಕೊಂಡುದಕ್ಕೆ ಕಾರಣ ಸ್ಪಷ್ಟವಾಗಿದೆ. ಬೆಂಗಳೂರು, ವಿಯನ್ನಾ, ಪ್ಯಾರಿಸ್ ಮತ್ತು ಆಕ್ಸ್‌ಫರ್ಡ್‌ಗಳು ಒಂದೇ ಪಠ್ಯದ ಮೇಲೆ ಕೆಲಸ ಮಾಡಿದ ಸಂದರ್ಭವು ಕನ್ನಡನಾಡಿನಲ್ಲಿ ಇಷ್ಟು ಮೊದಲೇ, ಇಷ್ಟು ನಿಚ್ಚಳವಾಗಿ ಕಾಣುವ ಇನ್ನೊಂದು ಸ್ಥಳವಿಲ್ಲ.

2. ಮೈಸೂರಿನ ಬೊಕ್ಕಸ, ವಿಯನ್ನಾದ ಓದು

ಮೈಸೂರು ಸಂಸ್ಥಾನವು 1885ರಲ್ಲಿ ಪುರಾತತ್ತ್ವ ಇಲಾಖೆಯನ್ನು ಸ್ಥಾಪಿಸಿ ಬೆಂಜಮಿನ್ ಲೂಯಿ ರೈಸ್ ಅವರನ್ನು ಅದರ ನಿರ್ದೇಶಕರನ್ನಾಗಿ ನೇಮಿಸಿತು. ಮಿಷನರಿಯೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೈಸ್ ಅವರಿಗೆ ಕನ್ನಡವು ಕಲಿತ ಭಾಷೆಯಷ್ಟೇ ಅಲ್ಲ, ಬಾಲ್ಯದ ಪರಿಸರದ ಭಾಷೆಯೂ ಆಗಿತ್ತು. ಅವರ ಮೇಲ್ವಿಚಾರಣೆಯಲ್ಲಿ 1886ರಿಂದ ಹನ್ನೆರಡು ಸಂಪುಟಗಳಲ್ಲಿ ಹೊರಬಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯು ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಬೆಳಕಿಗೆ ತಂದಿತು. ಪ್ರತಿ ಶಾಸನವನ್ನೂ ಕನ್ನಡ ಲಿಪಿಯಲ್ಲಿ, ರೋಮನ್ ಲಿಪ್ಯಂತರದಲ್ಲಿ ಮತ್ತು ಇಂಗ್ಲಿಷ್ ಅನುವಾದದಲ್ಲಿ ಕೊಡುವ ಕ್ರಮವನ್ನು ಈ ಮಾಲೆಯು ಅನುಸರಿಸಿತು. ಇದೇ ಆಡಳಿತದ ಆಶ್ರಯದಲ್ಲಿ ನಡೆದ 'ಬಿಬ್ಲಿಯಾಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಭಟ್ಟಾಕಳಂಕನ 'ಶಬ್ದಾನುಶಾಸನ'ವು 1890ರಲ್ಲಿ, ಕೆ. ಬಿ. ಪಾಠಕರು ಸಂಪಾದಿಸಿದ 'ಕವಿರಾಜಮಾರ್ಗ'ವು 1898ರಲ್ಲಿ ಪ್ರಕಟವಾದವು. ಕನ್ನಡ ಭಾಷಾಶಾಸ್ತ್ರವು ಇಂದಿಗೂ ಆಧರಿಸುವ ಆಕರಗಳ ಒಂದು ದೊಡ್ಡ ಭಾಗವು ಈ ಒಂದು ಬೊಕ್ಕಸದಿಂದ ಬಂದದ್ದು.

ಮೊಳಕಾಲ್ಮೂರಿನ ಮೂರು ಶಾಸನಗಳನ್ನು ರೈಸ್ 1892ರಲ್ಲಿ ಪ್ರಕಟಪಡಿಸಿದರು. ಅಶೋಕನ ಬರಹವು ಇಷ್ಟು ದಕ್ಷಿಣದಲ್ಲಿ ದೊರೆತದ್ದು ಅದೇ ಮೊದಲು. ಸುದ್ದಿಯು ಬೇಗನೆ ಯುರೋಪನ್ನು ಮುಟ್ಟಿತು. ಪ್ಯಾರಿಸ್‌ನಲ್ಲಿ ಎಮಿಲ್ ಸೆನಾರ್ ಅದೇ ವರ್ಷ ಇವುಗಳನ್ನು ಚರ್ಚಿಸಿದರು. ವಿಯನ್ನಾದಲ್ಲಿ ಪ್ರಾಧ್ಯಾಪಕರಾಗಿದ್ದ ಗೇಯಾರ್ಗ್ ಬ್ಯೂಲರ್ 1893ರಲ್ಲಿ ಅಲ್ಲಿನ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಬರೆದರು. ಅನಂತರ 'ಎಪಿಗ್ರಾಫಿಯಾ ಇಂಡಿಕಾ'ದ ಮೂರನೆಯ ಸಂಪುಟದಲ್ಲಿ 'ಸಿದ್ದಾಪುರದ ಶಾಸನಗಳು' ಎಂಬ ಹೆಸರಿನಲ್ಲಿಯೇ ಅವುಗಳನ್ನು ಸಂಪಾದಿಸಿದರು. ಮದ್ರಾಸ್ ಸರ್ಕಾರದ ಶಾಸನತಜ್ಞರಾಗಿದ್ದು ಮುಂದೆ ಜರ್ಮನಿಯ ಹಾಲೆ ವಿಶ್ವವಿದ್ಯಾಲಯಕ್ಕೆ ಹೋದ ಯೂಜೆನ್ ಹುಲ್ಷ್ ಅವರ ಸಮಗ್ರ ಆವೃತ್ತಿಯು 1925ರಲ್ಲಿ ಭಾರತ ಸರ್ಕಾರದ ಪರವಾಗಿ ಆಕ್ಸ್‌ಫರ್ಡಿನಲ್ಲಿ ಅಚ್ಚಾಯಿತು.

ಈ ಸಹಯೋಗದ ಹಣಕಾಸನ್ನು ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಎರಡನೆಯ ಬಗೆಯದು. ಒಂದೇ ಗಂಟು ಎಂಬುದು ಇರಲಿಲ್ಲ. ಬಂಡೆಯನ್ನು ಹುಡುಕಿ, ತೊಳೆದು, ಅಚ್ಚುಪ್ರತಿ ತೆಗೆಯುವ ವೆಚ್ಚ ಮೈಸೂರಿನದು. ಓದುವ ವಿದ್ವಾಂಸನ ಸಂಬಳ ವಿಯನ್ನಾದ್ದು. ಸಮಗ್ರ ಆವೃತ್ತಿಯ ಮುದ್ರಣದ ಹೊರೆ ಭಾರತ ಸರ್ಕಾರದ್ದು. ಬ್ರಹ್ಮಗಿರಿಯ ಪಠ್ಯದ ಕೊನೆಯಲ್ಲಿರುವ 'ಲಿಪಿಕರ' ಎಂಬ ಪದದ ರೂಪವು ಬ್ರಾಹ್ಮಿಯಲ್ಲಿಲ್ಲ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿದೆ. ಗಾಂಧಾರದ ಶಾಸನಗಳನ್ನು ಓದಿ ಪಳಗಿದ ಕಣ್ಣಿಗೆ ಮಾತ್ರ ಇದು ಅಕ್ಷರವಾಗಿ ಕಾಣಬಲ್ಲದು. ಬ್ಯೂಲರರಿಗೆ ಆ ಪಳಕೆಯಿತ್ತು. ಆದರೆ ಅಚ್ಚುಪ್ರತಿ ಸರಿಯಾಗಿರದಿದ್ದರೆ ಆ ಕಣ್ಣು ವಿಯನ್ನಾದಲ್ಲಿ ಕುಳಿತು ಏನನ್ನೂ ಕಾಣುತ್ತಿರಲಿಲ್ಲ. ಸಹಯೋಗದ ಎರಡು ತುದಿಗಳೂ ಸಂಬಳದ ಕೆಲಸಗಳಾಗಿದ್ದವು ಎಂಬ ಅಂಶವನ್ನು ನಾವು ಇಲ್ಲಿ ಒತ್ತಿ ಹೇಳುತ್ತೇವೆ. ರೈಸ್ ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು 1906ರಲ್ಲಿ ಅದೇ ಇಲಾಖೆಯ ಹೊಣೆ ಹೊತ್ತರು. 'ಕರ್ನಾಟಕ ಕವಿಚರಿತೆ'ಯ ಕರ್ತೃವೂ ಅವರೇ. ಸ್ಥಳೀಯ ವಿದ್ವತ್ತಿಗೆ ಹುದ್ದೆಯಿದ್ದುದರಿಂದ ಅದು ಒಂದು ತಲೆಮಾರಿನೊಳಗೆ ಸಹಾಯದ ಸ್ಥಾನದಿಂದ ನಾಯಕತ್ವದ ಸ್ಥಾನಕ್ಕೆ ಏರಬಲ್ಲದಾಯಿತು.

3. ಒಂದು ಸಂಖ್ಯೆ ಮತ್ತು ಹಲವು ಪ್ರತಿಗಳು

ಇಂಥ ಸಹಯೋಗವು ಅನಿವಾರ್ಯವಾಗಿತ್ತೇ ಎಂಬ ಪ್ರಶ್ನೆಗೆ ಶಾಸನದ ಒಳಗೇ ಉತ್ತರವಿದೆ. ಅಶೋಕನ ಕಿರುಶಾಸನದಲ್ಲಿ 256 ಎಂಬ ಸಂಖ್ಯೆಯು ಬರುತ್ತದೆ. ಬಿಹಾರದ ಸಹಸ್ರಾಂ ಮತ್ತು ಮಧ್ಯಪ್ರದೇಶದ ರೂಪನಾಥಗಳ ಪ್ರತಿಗಳನ್ನು 1877ರಲ್ಲಿ ಪ್ರಕಟಿಸಿದಾಗ ಬ್ಯೂಲರರು ಇದನ್ನು ಬುದ್ಧನಿರ್ವಾಣದಿಂದ ಕಳೆದ ವರ್ಷಗಳ ಎಣಿಕೆಯೆಂದು ತಿಳಿದಿದ್ದರು. ಹಾಗಿದ್ದಲ್ಲಿ ಭಾರತದ ಪ್ರಾಚೀನ ಕಾಲಗಣನೆಯೇ ಅದರ ಮೇಲೆ ನಿಲ್ಲಬೇಕಾಗುತ್ತಿತ್ತು. ಮೊಳಕಾಲ್ಮೂರಿನ ಪ್ರತಿಗಳು ಬಂದಮೇಲೆ ದೂರದ ದಕ್ಷಿಣದಲ್ಲಿಯೂ ಅದೇ ಅಂಕಿಯಿರುವುದು ಖಚಿತವಾಯಿತು. ಗಂಟನ್ನು ಬಿಡಿಸಿದ ಪದ ಮಾತ್ರ ಸಹಸ್ರಾಂ ಪ್ರತಿಯಲ್ಲಿತ್ತು: ರಾತ್ರಿ ಎಂಬರ್ಥದ 'ಲಾತಿ'. ಎಫ್. ಡಬ್ಲ್ಯೂ. ಥಾಮಸ್ 1910ರಲ್ಲಿ ಪ್ಯಾರಿಸ್‌ನ ಪತ್ರಿಕೆಯಲ್ಲಿ ತೋರಿಸಿದಂತೆ ಅದು ವರ್ಷಗಳ ಲೆಕ್ಕವಲ್ಲ, ಪ್ರವಾಸದಲ್ಲಿ ಕಳೆದ 256 ರಾತ್ರಿಗಳ ಲೆಕ್ಕ.

ಯಾವ ಒಂದು ಪ್ರತಿಯೂ ತಾನೊಂದೇ ಸಾಲದು. ಸಹಸ್ರಾಂ ಪ್ರತಿಯು ರಾತ್ರಿಯೆಂಬ ಪದವನ್ನು ಉಳಿಸಿತು. ಮೊಳಕಾಲ್ಮೂರಿನ ಗುಂಪು ಉಳಿದ ಪ್ರತಿಗಳಲ್ಲಿರದ ಪೀಠಿಕೆಯನ್ನು ಉಳಿಸಿತು: ಸುವಂಣಗಿರಿಯಿಂದ ಅಯಪುತನೂ ಮಹಾಮಾತರೂ ಇಸಿಲದ ಮಹಾಮಾತರ ಆರೋಗ್ಯವನ್ನು ವಿಚಾರಿಸುವ ಆಡಳಿತದ ಒಕ್ಕಣೆ ಅದು. ತಾಯಿತಂದೆಯರಿಗೆ, ಗುರುಗಳಿಗೆ ವಿಧೇಯರಾಗಿರಬೇಕೆಂಬ ಎರಡನೆಯ ಕಿರುಶಾಸನವು 1892ರಲ್ಲಿ ಲೋಕಕ್ಕೆ ತಿಳಿದದ್ದು ಈ ಮೂರು ಬಂಡೆಗಳಿಂದಲೇ. ಎರ್ರಗುಡಿ, ನಿಟ್ಟೂರು, ಉಡೇಗೋಳಗಳ ಪ್ರತಿಗಳು ಆಮೇಲೆ ಸೇರಿಕೊಂಡವು.

ಭಾಷಾಶಾಸ್ತ್ರದ ದೃಷ್ಟಿಯಿಂದಲೂ ಇಲ್ಲಿ ಬಿಡಿಸಬೇಕಾದ ಗಂಟುಗಳಿವೆ. ಪೂರ್ವದ ಶಾಸನಗಳು 'ರ'ಕಾರಕ್ಕೆ 'ಲ'ಕಾರವನ್ನು ಬಳಸುತ್ತವೆ, ಮೂರ್ಧನ್ಯ 'ಣ'ಕಾರವನ್ನು ಕೈಬಿಡುತ್ತವೆ. ಬ್ರಹ್ಮಗಿರಿಯ ಗುಂಪು 'ರ'ಕಾರವನ್ನು ಉಳಿಸಿಕೊಂಡು 'ಣ'ಕಾರವನ್ನು ಧಾರಾಳವಾಗಿ ಬಳಸುತ್ತದೆ. ಇದು ವಾಯವ್ಯದಲ್ಲಿ ಶಿಕ್ಷಣ ಪಡೆದ ಲಿಪಿಕಾರನ ರೂಢಿಯೇ, ಸುವಂಣಗಿರಿಯ ಕಚೇರಿಯ ಆಡಳಿತ ಪ್ರಾಕೃತವೇ? ಇಸಿಲ ಎಂಬ ಸ್ಥಳನಾಮವನ್ನು ಡಿ. ಎಲ್. ನರಸಿಂಹಾಚಾರ್ಯರು 'ಇಸು', 'ಎಸು' ಎಂಬ ಕನ್ನಡ ಧಾತುಗಳೊಂದಿಗೆ ಸಂಬಂಧಿಸಿ ನೋಡಿದರು. ಆ ನಿಷ್ಪತ್ತಿಯು ಸರ್ವಸಮ್ಮತವೆಂದು ಭಾವಿಸಬೇಕಾಗಿಲ್ಲ. ಆದರೆ ಪ್ರಾಕೃತದ ಪಠ್ಯದೊಳಗಿಂದ ದ್ರಾವಿಡ ಮಾತೊಂದನ್ನು ಕೇಳಿಸಿಕೊಳ್ಳುವ ಪ್ರಯತ್ನವು ಕನ್ನಡ ಬಲ್ಲವರಿಂದಲೇ ಬರಬೇಕಾಗಿತ್ತೆಂಬುದನ್ನು ಅದು ತೋರಿಸುತ್ತದೆ.

4. ಸಮೀಕ್ಷೆಯ ಹೊರಗುಳಿದ ಸೀಮೆ

ಬಂಡೆಯ ಭಾಷೆಗೆ ಇಷ್ಟು ಹಣ ಮತ್ತು ಇಷ್ಟು ಕಣ್ಣುಗಳು ದೊರೆತ ಅದೇ ದಶಕದಲ್ಲಿ ಜನರ ಭಾಷೆಗೆ ಏನು ದೊರೆಯಿತು? ಇದಕ್ಕೆ ಉತ್ತರವನ್ನು ಕೂಡ ವಿಯನ್ನಾದಿಂದಲೇ ಆರಂಭಿಸಬೇಕು. 1886ರಲ್ಲಿ ಅಲ್ಲಿ ಸೇರಿದ್ದ ಪ್ರಾಚ್ಯವಿದ್ವಾಂಸರ ಅಂತರರಾಷ್ಟ್ರೀಯ ಸಮ್ಮೇಳನವು ಭಾರತದ ಭಾಷೆಗಳ ವ್ಯವಸ್ಥಿತ ಸಮೀಕ್ಷೆಯನ್ನು ಕೈಗೊಳ್ಳಬೇಕೆಂದು ಭಾರತ ಸರ್ಕಾರವನ್ನು ಕೋರುವ ನಿರ್ಣಯವನ್ನು ಅಂಗೀಕರಿಸಿತು. ಜಾರ್ಜ್ ಗ್ರಿಯರ್ಸನ್ ಅಲ್ಲಿದ್ದರು. ನಿರ್ಣಯವನ್ನು ಮಂಡಿಸಿದವರು ಬ್ಯೂಲರ್, ಅನುಮೋದಿಸಿದವರು ಆಲ್ಬ್ರೆಕ್ಟ್ ವೇಬರ್. ಹಣದ ಅಡಚಣೆಯಿಂದ ಕೆಲಸ ತಡವಾಯಿತು. 1894ರಲ್ಲಿ ಆರಂಭವಾದ ಸಮೀಕ್ಷೆಯ ಸಂಪುಟಗಳು 1903ರಿಂದ 1928ರವರೆಗೆ ಹೊರಬಂದವು.

ಆದರೆ ಮದ್ರಾಸ್ ಪ್ರಾಂತ, ಹೈದರಾಬಾದ್ ಸಂಸ್ಥಾನ ಮತ್ತು ಮೈಸೂರು ಸಂಸ್ಥಾನಗಳು ಸಮೀಕ್ಷೆಯ ವ್ಯಾಪ್ತಿಯಿಂದ ಹೊರಗುಳಿದವು. ನಾರ್ವೆಯ ಸ್ಟೆನ್ ಕೊನೋವ್ ಸಿದ್ಧಪಡಿಸಿದ ಮುಂಡಾ ಮತ್ತು ದ್ರಾವಿಡ ಭಾಷೆಗಳ ಸಂಪುಟವು 1906ರಲ್ಲಿ ಬಂದಾಗ ಅದರಲ್ಲಿ ಕನ್ನಡವು ಮುಖ್ಯವಾಗಿ ಮುಂಬಯಿ ಪ್ರಾಂತದ ಕನ್ನಡವಾಗಿ ಕಾಣಿಸಿಕೊಂಡಿತು. ಮೊಳಕಾಲ್ಮೂರಿನ ಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ತಾಲ್ಲೂಕು ಮೈಸೂರಿನದು, ಪಕ್ಕದ ರಾಯದುರ್ಗವು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯದು. ಗಡಿಯ ಈ ಬದಿಯೂ ಸಮೀಕ್ಷೆಯ ಹೊರಗೆ, ಆ ಬದಿಯೂ ಹೊರಗೆ. ಭಾರತದ ಭಾಷಾ ಸಮೀಕ್ಷೆಗೆ ನಿರ್ಣಯ ಮಂಡಿಸಿದ ವಿದ್ವಾಂಸರೇ ಸಿದ್ದಾಪುರದ ಶಾಸನಗಳನ್ನೂ ಸಂಪಾದಿಸಿದರು. ಆದರೂ ಸಿದ್ದಾಪುರದ ಜನರ ಮಾತು ಆ ಸಮೀಕ್ಷೆಯೊಳಗೆ ಬರಲಿಲ್ಲ.

ಇದನ್ನು ವ್ಯಕ್ತಿಗಳ ಉದಾಸೀನವೆಂದು ಓದುವುದು ತಪ್ಪಾದೀತು. ಇಲ್ಲಿ ಕೆಲಸ ಮಾಡಿದ್ದು ಘಟಕದ ತರ್ಕ. 'ಎಪಿಗ್ರಾಫಿಯಾ ಕರ್ನಾಟಿಕಾ'ವು ಶಾಸನಗಳನ್ನು ಕಾಲಾನುಕ್ರಮದಲ್ಲಾಗಲಿ ಭಾಷಾನುಕ್ರಮದಲ್ಲಾಗಲಿ ಜೋಡಿಸದೆ ತಾಲ್ಲೂಕುವಾರು ಜೋಡಿಸಿತು. ಹಣ ಕೊಟ್ಟ ಸರ್ಕಾರವು ಆಳುತ್ತಿದ್ದುದು ತಾಲ್ಲೂಕುಗಳನ್ನು. ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿ ನಮ್ಮ ಮೂರು ಶಾಸನಗಳು ಮೊಳಕಾಲ್ಮೂರು ತಾಲ್ಲೂಕಿನ ಕ್ರಮಸಂಖ್ಯೆಗಳಾದವು. ನಾವು ಇಂದಿಗೂ ಹಳಗನ್ನಡದ ಪ್ರಯೋಗವೊಂದನ್ನು ಉಲ್ಲೇಖಿಸುವಾಗ ತಾಲ್ಲೂಕಿನ ಹೆಸರು ಮತ್ತು ಸಂಖ್ಯೆಯನ್ನು ಕೊಡುತ್ತೇವೆ. ಕಂದಾಯದ ಘಟಕವು ಹೀಗೆ ವಿದ್ವತ್ತಿನ ಘಟಕವಾಯಿತು. ಮಾತು ತಾಲ್ಲೂಕಿನ ಎಲ್ಲೆಯಲ್ಲಿ ನಿಲ್ಲುವುದಿಲ್ಲ, ಹಣ ನಿಂತಿತು.

5. ಉತ್ಖನನ, ಕಾಲನಿರ್ಣಯ, ಮತ್ತು ಎರವಲು ತಂದ ಕಾಲಾನುಕ್ರಮ

ಎರಡನೆಯ ಘಟ್ಟವು ಬ್ರಹ್ಮಗಿರಿಯ ಉತ್ಖನನದ್ದು. ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದ ಎಂ. ಎಚ್. ಕೃಷ್ಣ ಅವರು 1940ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿ ಅಗೆತ ನಡೆಸಿದರು. ಶಾಸನದ ಇಸಿಲವನ್ನು ನೆಲದಲ್ಲಿ ಗುರುತಿಸುವುದು ಅವರ ಆಸಕ್ತಿಯಾಗಿತ್ತು. 1947ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪರವಾಗಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಅಗೆದರು. ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಇಟಲಿಯ ಮಡಕೆಗಳ ಜೊತೆಯಲ್ಲಿ ದೊರೆತ ಭಾರತೀಯ ಮಡಕೆಗಳ ಕಾಲವು ಅವರಿಗೆ ತಿಳಿದಿತ್ತು. ಚಂದ್ರವಳ್ಳಿಯ ರೋಮನ್ ನಾಣ್ಯಗಳೂ ನೆರವಿಗೆ ಬಂದವು. ಇವುಗಳ ಆಧಾರದಿಂದ ಅವರು ಬ್ರಹ್ಮಗಿರಿಯ ಪದರಗಳಿಗೆ ಶಿಲಾಪರಶು, ಬೃಹತ್‌ಶಿಲಾ ಮತ್ತು ಆಂಧ್ರ ಎಂಬ ಮೂರು ಸಂಸ್ಕೃತಿಗಳ ಅನುಕ್ರಮವನ್ನು ಕಟ್ಟಿದರು. ಒಂದೆಡೆ ಮೆಡಿಟರೇನಿಯನ್ ಜಗತ್ತು, ಇನ್ನೊಂದೆಡೆ ಮೊಳಕಾಲ್ಮೂರು: ಒಂದರ ಕಾಲವನ್ನು ಇನ್ನೊಂದರಿಂದ ಅರಿಯುವ ಈ ಕ್ರಮವು ಸಹಯೋಗದ ಇನ್ನೊಂದು ಮಾದರಿ.

ಭಾಷಾಶಾಸ್ತ್ರಕ್ಕೆ ಇದರಿಂದ ಆದ ಪರಿಣಾಮವು ಎಚ್ಚರಿಕೆಯ ಪಾಠವಾಗಿದೆ. ವೀಲರ್ ಅವರ ಅನುಕ್ರಮದಲ್ಲಿ ಬೃಹತ್‌ಶಿಲಾ ಸಂಸ್ಕೃತಿಯು ಬಹಳ ಈಚಿನದಾಗಿತ್ತು. ವಿಯನ್ನಾದಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಫ್ಯೂರರ್-ಹೈಮೆಂಡಾರ್ಫ್ ಅದನ್ನು ಆಧರಿಸಿ, ದ್ರಾವಿಡ ಭಾಷಿಕರು ದಕ್ಷಿಣಕ್ಕೆ ಬಂದದ್ದೇ ಈ ಸಂಸ್ಕೃತಿಯೊಡನೆ, ಅಂದರೆ ತಡವಾಗಿ, ಎಂಬ ಊಹೆಯನ್ನು ಮುಂದಿಟ್ಟರು. ಮುಂದೆ ರೇಡಿಯೊಕಾರ್ಬನ್ ಕಾಲನಿರ್ಣಯವು ದಕ್ಷಿಣದ ನವಶಿಲಾಯುಗವನ್ನೂ ಬೃಹತ್‌ಶಿಲಾ ಸಂಸ್ಕೃತಿಯನ್ನೂ ಬಹಳ ಹಿಂದಕ್ಕೆ ಒಯ್ದಿತು. ಊಹೆಯ ಬುಡವೇ ಸಡಿಲವಾಯಿತು. ಒಂದು ಶಾಸ್ತ್ರವು ಇನ್ನೊಂದರ ಫಲಿತಾಂಶವನ್ನು ಮಾತ್ರ ಪಡೆದು, ಅದರ ವಿಧಾನದಲ್ಲಿ ಪಾಲುಗೊಳ್ಳದಿದ್ದರೆ ಹೀಗಾಗುತ್ತದೆ.

ಈ ಕೊರತೆಯನ್ನು ನೀಗುವ ಕೆಲಸಗಳು ನಮ್ಮ ಕಾಲದಲ್ಲಿ ನಡೆದಿವೆ. ಬಳ್ಳಾರಿ ಬಳಿಯ ಸಂಗನಕಲ್ಲು ಪರಿಸರದಲ್ಲಿ ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್, ಡೋರಿಯನ್ ಫುಲ್ಲರ್ ಮೊದಲಾದವರು ಒಟ್ಟಿಗೆ ನಡೆಸಿದ ಅಧ್ಯಯನಗಳು ಹುರುಳಿ, ಹೆಸರು, ಕಿರುಧಾನ್ಯಗಳ ಕೃಷಿಯ ಪ್ರಾಚೀನತೆಯನ್ನು ತೋರಿಸಿದವು. ದ್ರಾವಿಡದ ಬೆಳೆವಾಚಕ ಪದಗಳ ಪುನಾರಚನೆಯನ್ನು ಅದರ ಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು. ವಿಷ್ಣುಪ್ರಿಯಾ ಕೋಲಿಪಾಕಂ ಮತ್ತು ಸಹಲೇಖಕರು ಭಾರತ ಹಾಗೂ ಯುರೋಪಿನ ಸಂಸ್ಥೆಗಳ ನಡುವಿನ ಸಹಯೋಗದಿಂದ 2018ರಲ್ಲಿ ಪ್ರಕಟಿಸಿದ ಅಧ್ಯಯನವು 20 ದ್ರಾವಿಡ ಪ್ರಭೇದಗಳ ಪದಪಟ್ಟಿಗಳನ್ನು ಬಳಸಿ ಭಾಷಾಕುಟುಂಬದ ವಯಸ್ಸನ್ನು ಸುಮಾರು 4,500 ವರ್ಷಗಳೆಂದು ಅಂದಾಜಿಸಿತು. ಇವು ಬೆಲೆಯುಳ್ಳ ಕೆಲಸಗಳು. ಆದರೂ ವಂಶವೃಕ್ಷದ ಮಾದರಿಯು ಭಾಷೆಯೊಂದನ್ನು ಒಂದು ಕೊಂಬೆಯಾಗಿ ನೋಡುತ್ತದೆ. ಎರಡು ಕೊಂಬೆಗಳು ಮತ್ತೆ ಹೆಣೆದುಕೊಂಡ ಸೀಮೆಯು ಅದರ ಪ್ರಶ್ನೆಯೊಳಗೆ ಬರುವುದಿಲ್ಲ.

6. ಎಮ್ಮೆ ಕಾಯುವ ತಿಮ್ಮಯ್ಯನ ಗುಂಡು

ಆ ಹೆಣಿಗೆಯ ಒಂದು ಎಳೆ ಶಾಸನಸಾಹಿತ್ಯದಲ್ಲಿಯೇ, ಸ್ಥಳಸೂಚನೆಯ ವಾಕ್ಯವೊಂದರಲ್ಲಿ, ಉಳಿದುಕೊಂಡಿದೆ. ಮೂರು ಬಂಡೆಗಳಿಗೂ ಊರವರು ಹೆಸರಿಟ್ಟಿದ್ದರು. ಬ್ರಹ್ಮಗಿರಿಯದು ಅಕ್ಷರಗುಂಡು. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು. ಜಾತ್ರೆಯ ಕಾಲದಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದು ಆ ಹೆಸರಿಗೆ ಕಾರಣ. ಸಿದ್ದಾಪುರದ ಬಂಡೆಯ ಹೆಸರು ಎಮ್ಮೆ ಕಾಯುವ ತಿಮ್ಮಯ್ಯನ ಗುಂಡುಗಳು ಎಂಬ ಅರ್ಥದೊಡನೆ 'ಎನುಮನ ತಿಮ್ಮಯ್ಯನ ಗುಂಡ್ಲು' ಎಂಬಂತೆ ದಾಖಲಾಗಿದೆ.

ರೋಮನ್ ಲಿಪಿಯ ಮೂಲಕ ಬಂದ ಈ ರೂಪದಲ್ಲಿ ಸ್ವರಗಳ ಹ್ರಸ್ವದೀರ್ಘಗಳನ್ನು ನೆಚ್ಚುವಂತಿಲ್ಲ. ಆದರೂ ರಚನೆ ಗಮನಾರ್ಹವಾಗಿದೆ. ಎಮ್ಮೆಗೆ 'ಎನುಮು' ಎಂಬುದು ತೆಲುಗಿನ ರೂಪ. ಕನ್ನಡದ 'ಎಮ್ಮೆ', ತಮಿಳಿನ 'ಎರುಮೈ'ಗಳ ಜ್ಞಾತಿಪದ. 'ತಿಮ್ಮಯ್ಯನ' ಎಂಬಲ್ಲಿರುವ 'ನ' ಕನ್ನಡದ ಷಷ್ಠಿಗೆ ಸಹಜವಾದುದು. ತೆಲುಗಿನಲ್ಲಿ ಅಂಥ ಹೆಸರು ಷಷ್ಠಿಯಲ್ಲಿ ಪ್ರತ್ಯಯವಿಲ್ಲದೆ ನಿಲ್ಲುತ್ತದೆ. 'ಗುಂಡ್ಲು' ಎಂಬುದು ತೆಲುಗಿನ ಬಹುವಚನ. ಕೆಲವೇ ಅಕ್ಷರಗಳ ಅಂತರದಲ್ಲಿ ತೆಲುಗಿನ ನಾಮ, ಕನ್ನಡದ ವಿಭಕ್ತಿ, ತೆಲುಗಿನ ವಚನ ಕೂಡಿವೆ. ಇದನ್ನು ಬರೆದುಕೊಂಡವರಿಗೆ ಅದು ದಾರಿ ತೋರಿಸುವ ಗುರುತಾಗಿತ್ತು. ಬಂಡೆಯ ಮೇಲಿನ ಒಂದು ಅನುಸ್ವಾರವನ್ನು ಕುರಿತು ಪುಟಗಟ್ಟಲೆ ಚರ್ಚೆ ನಡೆಯಿತು; ಬಂಡೆಯ ಹೆಸರನ್ನು ಕುರಿತು ನಡೆಯಲಿಲ್ಲ.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಸೀಮೆಯಲ್ಲಿ ಈ ಬಗೆಯ ಕೂಡುನುಡಿಯು ಅಪವಾದವಲ್ಲ. ಮ್ಯಾಸಬೇಡರ ಹಲವು ಹಟ್ಟಿಗಳಲ್ಲಿ ಮನೆಮಾತು ತೆಲುಗು, ಶಾಲೆ ಮತ್ತು ಸಂತೆಯ ಮಾತು ಕನ್ನಡ. ಕಾಡುಗೊಲ್ಲರು ಜುಂಜಪ್ಪನ ಕಥನವನ್ನು ಕನ್ನಡದಲ್ಲಿ ಹಾಡುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯು ಸಾವಿರಾರು ಹಾಡುಗಳನ್ನು ಕಂಠದಲ್ಲಿಟ್ಟುಕೊಂಡಿದ್ದವರು. ಹಟ್ಟಿ, ರೊಪ್ಪ, ಕಾವಲು, ದೇವರ ಎತ್ತುಗಳನ್ನು ಕಾಯುವ ಕಿಲಾರಿ ಮುಂತಾದ ಮಾತುಗಳು ಒಂದು ಪಶುಪಾಲಕ ಲೋಕದ ವ್ಯವಸ್ಥೆಯನ್ನೇ ಹೊತ್ತಿವೆ. 1953ರಲ್ಲಿ ಆಂಧ್ರ ರಾಜ್ಯವು ರೂಪುಗೊಂಡಾಗ ರಾಯದುರ್ಗವು ಅದಕ್ಕೆ ಸೇರಿ, ಹಳೆಯ ಸಂಸ್ಥಾನದ ಗಡಿಯು ಭಾಷಾವಾರು ರಾಜ್ಯದ ಗಡಿಯಾಯಿತು.

ಇಂಥ ಸೀಮೆಯ ನುಡಿಗೆ ಹಣ ಎಲ್ಲಿಂದ ಬರಬೇಕು? ಸ್ವಾತಂತ್ರ್ಯಾನಂತರದ ಮುಖ್ಯ ಪ್ರಯತ್ನಗಳನ್ನು ಒಂದೊಂದಾಗಿ ನೋಡಬಹುದು. ಪುಣೆಯ ಡೆಕ್ಕನ್ ಕಾಲೇಜಿನ ಭಾಷಾಯೋಜನೆಗೆ 1950ರ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನವು ನೆರವು ನೀಡಿತು. ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವಿವರಣೆಯು 1958ರಲ್ಲಿ ಅಲ್ಲಿಂದಲೇ ಪ್ರಕಟವಾಯಿತು. ಅನಂತರ ನಂಜನಗೂಡು, ಗುಲ್ಬರ್ಗ, ಹಾಲಕ್ಕಿ ಕನ್ನಡಗಳ ವಿವರಣೆಗಳು ಬಂದವು. ಇವುಗಳ ಘಟಕ ಒಂದು ಭಾಷೆಯ ಒಂದು ಉಪಭಾಷೆ. ಮೈಸೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವು 2013ರಲ್ಲಿ ಕೈಗೊಂಡ ಅಳಿವಿನಂಚಿನ ಭಾಷೆಗಳ ಯೋಜನೆಯು 10,000ಕ್ಕಿಂತ ಕಡಿಮೆ ಭಾಷಿಕರಿರುವ ಭಾಷೆಗಳಿಗೆ ಮೀಸಲು. ಜರ್ಮನಿಯ ಫೋಕ್ಸ್‌ವಾಗನ್ ಪ್ರತಿಷ್ಠಾನವು ಹಣ ಒದಗಿಸಿದ ದಾಖಲೀಕರಣ ಯೋಜನೆಯೂ ಅಳಿವಿನಂಚಿನ ಭಾಷೆಗಳಿಗೇ ಸಂಬಂಧಿಸಿದ್ದು. ಈ ಮಾನದಂಡಗಳಲ್ಲಿ ಯಾವುದೂ ಅನ್ಯಾಯದ್ದಲ್ಲ. ಆದರೆ ಕನ್ನಡ ಮತ್ತು ತೆಲುಗುಗಳಿಗೆ ಕೋಟಿಗಟ್ಟಲೆ ಭಾಷಿಕರಿರುವುದರಿಂದ ಅವೆರಡೂ ಕೂಡುವ ಹಟ್ಟಿಯ ನುಡಿಯು 'ಅಳಿವಿನಂಚಿನದು' ಎನಿಸಿಕೊಳ್ಳುವುದಿಲ್ಲ. ಎರಡು ಭಾಷೆಗಳ ನಡುವಿರುವುದರಿಂದ 'ಉಪಭಾಷೆ'ಯ ಚೌಕಟ್ಟಿನಲ್ಲಿಯೂ ಸರಿಯಾಗಿ ಕೂರುವುದಿಲ್ಲ.

ಪ್ರಶ್ನೆಯನ್ನು ಬೇರೆಯಾಗಿ ಕೇಳಿದರೆ ಗಡಿಯ ಹಳ್ಳಿಯು ಭಾಷಾಶಾಸ್ತ್ರಕ್ಕೆ ಎಷ್ಟನ್ನು ಕೊಡಬಲ್ಲದೆಂಬುದಕ್ಕೆ ನಿದರ್ಶನ ಕುಪ್ವಾಡ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಆ ಊರಿನಲ್ಲಿ ಕನ್ನಡ, ಮರಾಠಿ, ಉರ್ದುಗಳು ವ್ಯಾಕರಣದಲ್ಲಿ ಒಮ್ಮುಖವಾದ ಬಗೆಯನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ವಿವರಿಸಿದರು. ಭಾಷಾ ಸಂಪರ್ಕದ ಯಾವ ಪಠ್ಯಪುಸ್ತಕವೂ ಅಂದಿನಿಂದ ಅದನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. ಅಲ್ಲಿ ಘಟಕವು ಭಾಷೆಯಾಗಿರಲಿಲ್ಲ, ಊರಾಗಿತ್ತು. ಬೇರೆ ಬೇರೆ ಕುಟುಂಬಗಳ ಭಾಷೆಗಳು ಬೆರೆತಾಗ ಬೆರಕೆ ಎದ್ದು ಕಾಣುತ್ತದೆ. ಕನ್ನಡ–ತೆಲುಗುಗಳಂತೆ ಒಂದೇ ಕುಟುಂಬದ ಭಾಷೆಗಳು ಬೆರೆತಲ್ಲಿ ಆನುವಂಶಿಕವಾದುದನ್ನೂ ಎರವಲಾದುದನ್ನೂ ಬೇರ್ಪಡಿಸುವುದು ಹೆಚ್ಚು ಕಠಿಣ. ಸೈದ್ಧಾಂತಿಕವಾಗಿ ಅದು ಹೆಚ್ಚು ಫಲಪ್ರದವೂ ಹೌದು.

ಸಂಶೋಧನೆಯ ಹಣ ಈ ಸೀಮೆಗೆ ಬರಲೇ ಇಲ್ಲವೆಂದಲ್ಲ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆ ಭೂಮಿಯು ಭಾರತೀಯ ವಿಜ್ಞಾನ ಸಂಸ್ಥೆ, ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ ಮೊದಲಾದವುಗಳ ಪಾಲಾಯಿತು. ಮೇವಿನ ನೆಲ ಕಳೆದುಕೊಂಡವರ ಅಹವಾಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಆ ವ್ಯಾಜ್ಯದ ನ್ಯಾಯಾನ್ಯಾಯವು ಈ ಲೇಖನದ ವಿಷಯವಲ್ಲ. ಭಾಷಾಶಾಸ್ತ್ರಕ್ಕೆ ಸಂಬಂಧಿಸಿದ ಅಂಶವಿಷ್ಟು: ಕಾವಲು ಬೇಲಿಯೊಳಗಾದಾಗ ಅದರ ಹುಲ್ಲು, ಹಾದಿ, ನೀರಿನ ತಾಣಗಳ ಹೆಸರುಗಳು ಬಳಕೆಯಿಂದ ಜಾರುತ್ತವೆ. ವಿಜ್ಞಾನಕ್ಕೆಂದು ನೆಲ ಕೊಡುವಾಗ ಆ ನೆಲದ ಪದಕೋಶವನ್ನು ದಾಖಲಿಸಲು ಅದರ ಒಂದು ಅಲ್ಪಾಂಶ ವೆಚ್ಚವನ್ನಾದರೂ ಮೀಸಲಿಡುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ.

7. ಸಮಾರೋಪ

ಈ ಚರಿತ್ರೆಯಿಂದ ನಾವು ತಲಪುವ ನಿಲುವನ್ನು ಮೂರು ಅಂಶಗಳಲ್ಲಿ ಹೇಳಬಹುದು.

ಮೊದಲನೆಯದು, ಘಟಕವನ್ನು ಕುರಿತು. ಯುರೋಪಿನ ಜಂಟಿ ಕಾರ್ಯಕ್ರಮಗಳ ನಿಜವಾದ ಪ್ರಯೋಜನವೆಂದರೆ ಒಂದೊಂದು ರಾಷ್ಟ್ರದ ಬೊಕ್ಕಸವೂ ತನ್ನ ಗಡಿಗೆ ನಿಲ್ಲುವ ಸಹಜ ಪ್ರವೃತ್ತಿಯನ್ನು ಅವು ತಡೆಯುತ್ತವೆ. ನಮ್ಮಲ್ಲಿ ಅದೇ ಅಗತ್ಯವು ರಾಜ್ಯಗಳ ನಡುವೆ ಇದೆ. ಮೊಳಕಾಲ್ಮೂರು ಮತ್ತು ರಾಯದುರ್ಗಗಳನ್ನು ಒಂದೇ ಕ್ಷೇತ್ರವಾಗಿ ಪರಿಗಣಿಸುವ, ಕರ್ನಾಟಕ ಮತ್ತು ಆಂಧ್ರಪ್ರದೇಶಗಳ ವಿಶ್ವವಿದ್ಯಾಲಯಗಳು ಕೂಡಿ ನಡೆಸುವ ಅಧ್ಯಯನಕ್ಕೆ ವಿದೇಶದ ಹಣಕ್ಕಿಂತ ಮೊದಲು ಈ ಎರಡು ನೆರೆಹೊರೆಗಳ ಒಪ್ಪಂದ ಬೇಕು.

ಎರಡನೆಯದು, ದುಡಿಮೆಯನ್ನು ಕುರಿತು. ಮೈಸೂರಿನ ಮಾದರಿಯು ಫಲಿಸಿದ್ದು ಅಚ್ಚುಪ್ರತಿ ತೆಗೆಯುವುದರಿಂದ ಹಿಡಿದು ಸಂಪಾದನೆಯವರೆಗಿನ ಕೆಲಸಕ್ಕೆ ಕಾಯಂ ಹುದ್ದೆಗಳಿದ್ದುದರಿಂದ. ಮೂರು ವರ್ಷದ ಅನುದಾನವು ದತ್ತಾಂಶವನ್ನು ತರಬಲ್ಲದು, ನರಸಿಂಹಾಚಾರ್ಯರಂಥವರನ್ನು ಬೆಳೆಸಲಾರದು. ಹಟ್ಟಿಯ ಭಾಷಿಕರು ಮಾಹಿತಿದಾರರಾಗಿ ಉಳಿಯದೆ ಸಂಬಳ ಪಡೆಯುವ, ಪ್ರಕಟಣೆಯಲ್ಲಿ ಹೆಸರಿರುವ ಸಹಸಂಶೋಧಕರಾಗಬೇಕು. ಧ್ವನಿಮುದ್ರಿಕೆಗಳು ತಾಲ್ಲೂಕು ಕೇಂದ್ರದಲ್ಲಿಯೂ ಕೇಳಲು ದೊರೆಯಬೇಕು.

ಮೂರನೆಯದು, ಪ್ರಶ್ನೆಯನ್ನು ಕುರಿತು. 256ರ ಗಂಟು ಬಿಡಿಸಿದ್ದು ಎಲ್ಲ ಪ್ರತಿಗಳೂ ಒಂದೇ ಮೇಜಿನ ಮೇಲೆ ಬಂದಾಗ. ಸಮಾನ ಸವಾಲು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯೆ ನಮಗೆ ಕಾಣದು: ಒಬ್ಬರ ಬಳಿಯಿರುವ ಪ್ರತಿಯಿಂದ ಬಿಡಿಸಲಾಗದ ಪ್ರಶ್ನೆಯೇ ಸಮಾನ ಪ್ರಶ್ನೆ. ಎರಡು ಭಾಷೆಗಳು ತಲೆಮಾರುಗಳ ಕಾಲ ಒಂದೇ ಬಾಯಲ್ಲಿ ಬಾಳುವಾಗ ವ್ಯಾಕರಣಕ್ಕೆ ಏನಾಗುತ್ತದೆ ಎಂಬುದು ಅಂಥ ಪ್ರಶ್ನೆ. ಯುರೋಪಿನ ಗಡಿಸೀಮೆಗಳಿಗೂ ವಲಸಿಗರ ನಗರಗಳಿಗೂ ಅದು ತುರ್ತಿನದು. ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ಹಟ್ಟಿಗಳಿಗೆ ದಿನನಿತ್ಯದ್ದು. ಮುಂದಿನ ಕರೆಯೊಂದರಲ್ಲಿ ಈ ಸೀಮೆಯು ಪಾಲುಗೊಳ್ಳುವುದಾದರೆ ಬೇರೆಯವರ ಸಿದ್ಧಾಂತಕ್ಕೆ ಉದಾಹರಣೆ ಒದಗಿಸುವ ಸ್ಥಾನದಲ್ಲಿ ನಿಲ್ಲದೆ, ಪ್ರಶ್ನೆಯನ್ನು ಬರೆಯುವವರ ಸಾಲಿನಲ್ಲಿ ಕೂರಬೇಕು. ಅಂಥ ಯೋಜನೆಯ ಮೊದಲ ಕೆಲಸವನ್ನು ಸಿದ್ದಾಪುರದಲ್ಲಿಯೇ ಆರಂಭಿಸಬಹುದು. ಅಲ್ಲಿನ ಬಂಡೆಯ ಮೇಲಿನ ಬರಹವನ್ನು ಓದಿ ಮುಗಿಸಿ ನೂರು ವರ್ಷ ಕಳೆದಿದೆ. ಅದರ ಹೆಸರನ್ನು, ಮತ್ತು ಅದರ ಸುತ್ತಲಿನ ನೂರಾರು ಗುಂಡು, ಹಳ್ಳ, ಕಾವಲು, ಹಟ್ಟಿಗಳ ಹೆಸರುಗಳನ್ನು, ಗಡಿಯ ಎರಡೂ ಬದಿಯಲ್ಲಿ ಅಲ್ಲಿನವರ ಬಾಯಿಂದಲೇ ಕೇಳಿ ಬರೆದುಕೊಳ್ಳುವ ಕೆಲಸ ಆಗಬೇಕಾಗಿದೆ.